ಎದೆಯಲ್ಲಿ ದನದ ಪೊರೆಯಿದ್ದವಳು ಶ್ರಾದ್ಧದ ಅಡುಗೆ ಮಾಡಿದ ಬಗ್ಗೆ

ಮಾನ್ಯ ಓದುಗರ ಗಮನಕ್ಕೆ ಮೊದಲಿಗೇ ತರಬೇಕಾದ ಸಂಗತಿಯೊಂದಿದೆ. ನಾನು ಈವರೆಗೆ ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವಳಲ್ಲ. ಧಾರವಾಡದ ಒಂದು ಸರ್ಕಾರಿ ಕಚೇರಿಯ ಆವಕ-ಜಾವಕ ಶಾಖೆಯಲ್ಲಿ, ಅಂದರೆ ಬಂದ ಟಪಾಲನ್ನು ದಾಖಲಿಸಿ ಹೋಗುವ ಟಪಾಲನ್ನು ರವಾನಿಸುವ ಮೇಜಿನ ಮುಂದೆ, ಗುಮಾಸ್ತೆಯಾಗಿ ಕುಳಿತವಳು ಅದೇ ಕಚೇರಿಯ ಅಧೀಕ್ಷಕಿಯಾಗಿ ನಿವೃತ್ತಳಾದೆ. ಒಂದು ವಾಕ್ಯವನ್ನು ಬೇರೆ ರೀತಿಯಲ್ಲಿ ಆರಂಭಿಸಲು ನನಗೆ ಬರುವುದಿಲ್ಲ. ಈ ಬರಹವನ್ನು ಎರಡು ಸಲ ಬರೆದು ಹರಿದುಹಾಕಿದ್ದೇನೆ. ಇದು ಮೂರನೆಯ ಪ್ರತಿ. ತಪ್ಪುಗಳಿದ್ದಲ್ಲಿ ತಿದ್ದಿಕೊಂಡು ಓದಬೇಕಾಗಿ ವಿನಂತಿ.

ವಿಷಯ ಹೀಗಿದೆ. ನನ್ನ ಹೃದಯದ ಒಂದು ಕವಾಟವನ್ನು ದನದ ಪೊರೆಯಿಂದ ಮಾಡಲಾಗಿದೆ. ಆ ಕಾರಣಕ್ಕಾಗಿ ನನ್ನನ್ನು ನನ್ನ ಅತ್ತೆಯವರ ಶ್ರಾದ್ಧದ ಅಡುಗೆಯಿಂದ ಹೊರಗಿಡಬೇಕೆಂದು ಮನೆತನದಲ್ಲಿ ತೀರ್ಮಾನವಾಯಿತು. ಆ ತೀರ್ಮಾನ ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಒಪ್ಪಿಗೆಯಾಗಲಿಲ್ಲವೆಂಬುದನ್ನು ಮುಂದೆ ನಿವೇದಿಸುತ್ತೇನೆ. ಕ್ಷಮೆ ಕೇಳುವ ಉದ್ದೇಶ ಈ ಬರಹಕ್ಕಿಲ್ಲವೆಂಬುದನ್ನು ಸ್ಪಷ್ಟಪಡಿಸಬಯಸುತ್ತೇನೆ.

ನಿವೃತ್ತಿಯ ಮರುವರ್ಷ ನನಗೆ ದಮ್ಮು ಹತ್ತತೊಡಗಿತು. ಸಪ್ತಾಪುರದ ನಮ್ಮ ಮನೆಯಿಂದ ತರಕಾರಿ ತರಲು ಹೋಗುವ ದಾರಿ ಸ್ವಲ್ಪ ಏರು. ಆ ಏರಿನಲ್ಲಿ ಕಾಲೇಜಿನ ಹುಡುಗಿಯರು ಹರಟುತ್ತ ನನ್ನನ್ನು ದಾಟಿ ಹೋಗುವರು, ನಾನು ಚೀಲವನ್ನು ಯಾರದೋ ಕಾಂಪೌಂಡಿನ ಮೇಲಿಟ್ಟು, ಫೋನು ನೋಡುವವಳಂತೆ ನಟಿಸುತ್ತ ನಿಲ್ಲುವೆ. ಒಂದು ಮುಂಜಾನೆ ಹಾಗೆ ನಿಂತವಳು ಕುಸಿದು ಕುಳಿತೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಹೃದಯದಿಂದ ರಕ್ತ ಹೊರಹೋಗುವ ಬಾಗಿಲಿನ ಕವಾಟ ಗಟ್ಟಿಯಾಗಿ, ಸರಿಯಾಗಿ ತೆರೆಯುತ್ತಿಲ್ಲವೆಂದು ತಿಳಿದುಬಂತು. ಅದನ್ನು ತೆಗೆದು ಹೊಸದನ್ನು ಕೂಡಿಸಬೇಕು. ಹೊಸದರಲ್ಲಿ ಎರಡು ಬಗೆ: ಯಂತ್ರದಂಥದ್ದೊಂದು, ಜೈವಿಕವೊಂದು. ಯಂತ್ರದಂಥದ್ದು ಬಹಳ ವರ್ಷ ಬಾಳುತ್ತದೆ, ಆದರೆ ರಕ್ತ ತೆಳುವಾಗುವ ಗುಳಿಗೆಯನ್ನು ಬದುಕಿರುವವರೆಗೂ ನುಂಗಬೇಕು. ನನಗೆ ಹಿಂದೊಮ್ಮೆ ಹೊಟ್ಟೆಯ ಹುಣ್ಣೊಡೆದು ರಕ್ತ ಹೋಗಿತ್ತು. ಆದ್ದರಿಂದ ಜೈವಿಕವೇ ಲೇಸೆಂದು ವೈದ್ಯರು ಅಭಿಪ್ರಾಯಪಟ್ಟರು.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಒಪ್ಪಿಗೆ ನಮೂನೆ ಬಂತು. ಉಳಿದವರು ಇಂಥ ಕಾಗದವನ್ನು ಓದದೆ ಸಹಿ ಮಾಡುತ್ತಾರೆಂದು ಕೇಳಿದ್ದೇನೆ. ನನಗೆ ಅದು ಸಾಧ್ಯವಿಲ್ಲ. ಕನ್ನಡಕ ತರಿಸಿಕೊಂಡು ಮೊದಲಿನಿಂದ ಓದಿದೆ. 'ಜೈವಿಕ ಕವಾಟ' ಎಂದಷ್ಟೇ ಇತ್ತು. ಯಾವ ಜೀವ ಎಂಬುದಿರಲಿಲ್ಲ. ಕೊನೆಯಲ್ಲಿ ಸಹಿಗೆ ಮೂರು ಗೆರೆಗಳು: ರೋಗಿ, ಸಾಕ್ಷಿ, ವೈದ್ಯರು. ನಾನು ಪೆನ್ನನ್ನು ಕೆಳಗಿಟ್ಟು ವೈದ್ಯರನ್ನು ಕರೆಯಿಸಿದೆ.

ಅವರು ಬಿಜಾಪುರದ ಕಡೆಯವರು, ನನಗಿಂತ ಬಹಳ ಚಿಕ್ಕವರು.

"ಡಾಕ್ಟರ, ಇಲ್ಲೆ ಜೈವಿಕ ಅಂತ ಬರದದ. ಯಾವ ಜೀವದ್ರಿ ಇದು?" ಎಂದು ಕೇಳಿದೆ.

ಅವರು ಹಾಸಿಗೆಯ ಬದಿಯ ಸ್ಟೂಲಿನ ಮೇಲೆ ಕುಳಿತರು. "ಮೇಡಮ್, ಇದನ್ನ ಯಾರೂ ಕೇಳೂದಿಲ್ರಿ. ಕೇಳಲಾರದವ್ರಿಗೆ ನಾವೂ ಬಿಡಿಸಿ ಹೇಳಂಗಿಲ್ಲ."

"ನಾ ಕೇಳೇನಲ್ರಿ."

"ಹಂದಿದೂ ಬರ್ತಾವ, ದನದ್ದೂ ಬರ್ತಾವ. ನಿಮಗ ಹಾಕೂದು ದನದ್ರಿ. ಅದರ ಹೃದಯದ ಸುತ್ತ ಒಂದು ತೆಳ್ಳನ ಪೊರಿ ಇರ್ತದ. ಅದನ್ನ ಶುದ್ಧ ಮಾಡಿ, ಹದಾ ಮಾಡಿ, ಹೊಲದು ಕವಾಟ ಮಾಡಿರ್ತಾರ."

"ಆಕಳೋ, ಎತ್ತೋ?"

ಅವರು ನಕ್ಕರು. ಆಮೇಲೆ ನಾನು ನಗುತ್ತಿಲ್ಲವೆಂದು ಕಂಡು ನಿಲ್ಲಿಸಿದರು. "ಅದು ಡಬ್ಬಿ ಮ್ಯಾಲ ಬರದಿರಂಗಿಲ್ರೀ ಮೇಡಮ್."

ನಮ್ಮ ಮನೆಯವರು, ಅಂದರೆ ನನ್ನ ಯಜಮಾನರು, ಗೋಡೆಗೊರಗಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಅವರು ಪ್ರೌಢಶಾಲೆಯ ಶಿಕ್ಷಕರಾಗಿದ್ದವರು. ನಿತ್ಯ ಸಂಜೆ ತಂಬೂರಿ ಮೀಟುತ್ತ ಕೂಡುವ, ಇರುವೆಗೂ ದಾರಿ ಬಿಡುವ ಮನುಷ್ಯ. ವೈದ್ಯರು ಹೋದ ಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಸಹಿ ಮಾಡು. ನನಗ ನೀ ಬೇಕು. ಆದ್ರ ಈ ಮಾತು ದೇಶಪಾಂಡೆ ನಗರಕ್ಕ ಮುಟ್ಟೂದು ಬ್ಯಾಡ. ವೈನಿ ಕಿವಿಗೆ ಬಿದ್ರ ಮುಗೀತು."

ದೇಶಪಾಂಡೆ ನಗರ ಎಂದರೆ ಅದೇ ಹುಬ್ಬಳ್ಳಿಯಲ್ಲಿರುವ ಅವರ ಅಣ್ಣನ ಮನೆ. ಆ ಅಣ್ಣ ನನಗೆ ಭಾವನವರು. ಅವರ ಹೆಂಡತಿಯೇ ವೈನಿ. ಮನೆತನದ ಹಬ್ಬ, ವ್ರತ, ಶ್ರಾದ್ಧಗಳೆಲ್ಲ ಹಿರಿಯ ಮಗನ ಮನೆಯಾದ ಅಲ್ಲಿಯೇ ನಡೆಯುತ್ತವೆ. ವೈನಿಯವರ ಮಡಿ ಕಟ್ಟುನಿಟ್ಟಿನದು. ಸ್ನಾನ ಮಾಡಿ, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಗಿಸಿದ ಸೀರೆಯುಟ್ಟು ಅಡುಗೆಮನೆ ಹೊಕ್ಕರೆಂದರೆ, ಊಟ ಮುಗಿಯುವವರೆಗೆ ಭಾವನವರೂ ಹೊಸ್ತಿಲ ಈಚೆಯೇ ನಿಂತು ಮಾತಾಡಬೇಕು.

ಯಾರಿಗೂ ಹೇಳುವುದಿಲ್ಲವೆಂದು ಯಜಮಾನರಿಗೆ ಮಾತು ಕೊಟ್ಟು ಸಹಿ ಮಾಡಿದೆ. ಮಾಡುವಾಗ ಆ ಮೂರು ಗೆರೆಗಳನ್ನು ಇನ್ನೊಮ್ಮೆ ನೋಡಿದೆ. ನನ್ನ ಸೇವಾವಧಿಯಲ್ಲಿ ಒಬ್ಬರ ಆಸ್ತಿ ಇನ್ನೊಬ್ಬರಿಗೆ ಹೋಗುವ ಅದೆಷ್ಟೋ ಕಾಗದಗಳನ್ನು ರವಾನಿಸಿದ್ದೇನೆ. ಕೊಡುವವನ ಸಹಿಯೂ ಇಲ್ಲದೆ, ಹೆಬ್ಬೆಟ್ಟೂ ಇಲ್ಲದೆ, ಹೆಸರೂ ಇಲ್ಲದೆ ಕೈ ಬದಲಾದ ವಸ್ತು ಇದೊಂದೇ.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಎದೆಯ ನಡುವೆ ಉದ್ದಕ್ಕೆ ಒಂದು ಹೊಲಿಗೆ ಉಳಿಯಿತು. ಎರಡು ತಿಂಗಳಲ್ಲಿ ಅದೇ ಏರನ್ನು ಎಲ್ಲಿಯೂ ನಿಲ್ಲದೆ ಹತ್ತಿದೆ. ಅಂದು ಬೇಕಿಲ್ಲದಿದ್ದರೂ ಒಂದು ಕುಂಬಳಕಾಯಿ ಕೊಂಡು ಹೊತ್ತು ತಂದೆ. ಯಜಮಾನರು ಬಾಗಿಲಲ್ಲಿ ನಿಂತು ಬೈದರು, ಬೈಯುತ್ತಲೇ ಕಣ್ಣೊರೆಸಿಕೊಂಡರು.

ಇಲ್ಲಿ ನನ್ನಿಂದಾದ ಪ್ರಮಾದವನ್ನು ದಾಖಲಿಸತಕ್ಕದ್ದು. ಆಸ್ಪತ್ರೆಯಿಂದ ಕೊಟ್ಟ ಬಿಡುಗಡೆ ಪತ್ರದಲ್ಲೂ 'ಜೈವಿಕ' ಎಂದೇ ಇತ್ತು. ಅದು ನನ್ನನ್ನು ಕಾಡಿತು. ನನ್ನೊಳಗೆ ಸೇರಿದ ಜೀವಕ್ಕೆ ಕಾಗದದ ಮೇಲೆ ಜಾಗವಿಲ್ಲವೆಂದರೆ ಅದು ದಾಖಲೆಯ ಲೋಪ. ಹಾಗಾಗಿ ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ ಒಂದು ಪತ್ರ ಬರೆದೆ. "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನನಗೆ ಅಳವಡಿಸಲಾದ ಕವಾಟವು ದನದ ಹೃದಯದ ಪೊರೆಯಿಂದ ತಯಾರಾದುದೆಂದು ವೈದ್ಯರು ಮೌಖಿಕವಾಗಿ ತಿಳಿಸಿದ್ದು, ಸದರಿ ಪ್ರಾಣಿಯ ಉಲ್ಲೇಖವನ್ನು ನನ್ನ ಕಡತದಲ್ಲಿ ಲಿಖಿತವಾಗಿ ನಮೂದಿಸಬೇಕೆಂದು ಕೋರುತ್ತೇನೆ." ಪತ್ರ ಚೆನ್ನಾಗಿಯೇ ಇತ್ತು. ತಪ್ಪಾದದ್ದು ಅದರ ಕೆಳಗೆ.

ನಮ್ಮ ಶಾಖೆಯಲ್ಲಿ ಒಂದು ಪದ್ಧತಿಯಿತ್ತು. ಕಡತದಲ್ಲಿ ಯಾರ ಯಾರ ಹೆಸರಿದೆಯೋ ಅವರೆಲ್ಲರಿಗೂ ಪತ್ರದ ಒಂದೊಂದು ಪ್ರತಿ, 'ಮಾಹಿತಿಗಾಗಿ' ಎಂದು ಬರೆದು, ಹೋಗಲೇಬೇಕು. ಒಂದು ಪ್ರತಿ ತಪ್ಪಿದರೂ ಮೇಲಿನವರಿಂದ ಜ್ಞಾಪನ ಬರುತ್ತಿತ್ತು. ಆಸ್ಪತ್ರೆಯ ನನ್ನ ಕಡತದಲ್ಲಿ 'ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು' ಎಂಬಲ್ಲಿ, ಹುಬ್ಬಳ್ಳಿಯಲ್ಲೇ ಇರುವವರೆಂದು, ಭಾವನವರ ಹೆಸರಿತ್ತು. ನನ್ನ ಕೈ ತಾನಾಗಿಯೇ ಬರೆಯಿತು: 'ಪ್ರತಿ, ಮಾಹಿತಿಗಾಗಿ'. ಝೆರಾಕ್ಸ್ ಮಾಡಿಸಿದೆ, ಲಕೋಟೆಗೆ ದೇಶಪಾಂಡೆ ನಗರದ ವಿಳಾಸ ಬರೆದೆ, ಅಂಚೆ ಕಚೇರಿಗೆ ನಡೆದು ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಪಡೆದೆ. ಕೆಲಸ ಪೂರ್ಣವಾಯಿತೆಂಬ ತೃಪ್ತಿಯಿಂದ ಮನೆಗೆ ಬಂದು ಚಹಾ ಕುಡಿದೆ. ಯಜಮಾನರಿಗೆ ಕೊಟ್ಟ ಮಾತು ನೆನಪಾದದ್ದು ಮೂರನೆಯ ದಿನ, ವೈನಿಯವರ ಫೋನು ಬಂದಾಗ.

"ಏನವಾ ಇದು? ಪೋಸ್ಟಿನಾಂವ ನನ್ನ ಕೈಯಾಗ ಕೊಟ್ಟ ಹೋದ. ದನದ್ದು ಅಂತ ಬರದದ!"

"ಹೌದ್ರಿ ವೈನಿ."

"ಹೌದ್ರಿ ಅಂತ ಹೇಳ್ತೀಯಲ್ಲ! ಎದ್ಯಾಗ ಇಟಗೊಂಡು ಕೂತೀಯೇನು? ಶ್ರಾವಣದಾಗ ಇಲ್ಲೆ ಬಂದು ಪೂಜಿ ಸಾಮಾನು ಮುಟ್ಟಿದಿ, ಹೂರಣಾ ರುಬ್ಬಿದಿ, ನಾವೆಲ್ಲಾ ಉಂಡ್ವಿ!"

"ಎದ್ಯಾಗ ಇಟಗೋಬೇಕಂತನ ಹಾಕಿಸ್ಕೊಂಡದ್ರಿ. ಕಪಾಟಿನ್ಯಾಗ ಇಡಲಿಕ್ಕೆ ಬರೂದಿಲ್ಲ."

ಆ ಮಾತು ಹೇಗೆ ಬಾಯಿಂದ ಬಂತೋ ತಿಳಿಯದು. ವೈನಿಯವರಿಗೆ ನಾನು ಎದುರಾಡಿದ್ದು ಮದುವೆಯಾದಂದಿನಿಂದ ಅದೇ ಮೊದಲು.  ಆಮೇಲೆ ವೈನಿ ಶಾಂತವಾಗಿ ಹೇಳಿದರು: "ನೀ ಬದುಕಿದ್ದು ನನಗ ಸಂತೋಷ. ಖರೇನ ಹೇಳ್ತೀನಿ, ನಿನ್ನ ಸಲುವಾಗಿ ನಾ ಹನುಮಪ್ಪಗ ಹರಕಿ ಹೊತ್ತಿದ್ದೆ. ಆದ್ರ ಅತ್ತಿಯವರ ಶ್ರಾದ್ಧದ ಅಡಗಿಗೆ ಈ ವರ್ಷದಿಂದ ನೀ ಬ್ಯಾಡ. ಅಡಗಿ ನಾ ಮಾಡ್ತೀನಿ. ನೀ ಹೊರಗ ಪಡಸಾಲ್ಯಾಗ ಕೂಡು."

ಆ ಅಡುಗೆಯೆಂದರೆ ನನಗೇನೆಂಬುದನ್ನು ಇಲ್ಲಿ ವಿವರಿಸದಿದ್ದರೆ ಮುಂದಿನದು ಅರ್ಥವಾಗದು. ನಾನು ಸೊಸೆಯಾಗಿ ಬಂದಾಗ ನೌಕರಿಯ ಹೆಣ್ಣೆಂದು ಬಳಗದವರು ಮೂಗು ಮುರಿದಿದ್ದರು. ಅತ್ತೆಯವರು ಮಾತ್ರ, "ಕಚೇರಿಗೆ ಹೋಗು, ಆದ್ರ ಉದ್ದಿನ ವಡಿ ಹದಾ ಕಲ್ತು ಹೋಗು" ಎಂದು ನನ್ನನ್ನು ಒಲೆಯ ಬಳಿ ಕೂಡಿಸಿಕೊಂಡರು. ಹಿಟ್ಟಿನ ಒಂದು ಹನಿಯನ್ನು ನೀರಿಗೆ ಬಿಟ್ಟು, ಅದು ತೇಲಿದರೆ ಮಾತ್ರ ಎಣ್ಣೆಗೆ ಬಿಡಬೇಕೆಂದು ತೋರಿಸಿಕೊಟ್ಟವರು ಅವರೇ. ಕೊನೆಯ ಎರಡು ವರ್ಷ ಅವರು ಸಪ್ತಾಪುರದಲ್ಲಿ ನಮ್ಮ ಬಳಿಯೇ ಇದ್ದರು. ಹಾಸಿಗೆ ಹಿಡಿದಾಗ ಒಂದು ದಿನ ನನ್ನ ಕೈ ಹಿಡಿದು ಹೇಳಿದ್ದರು: "ನನ್ನ ಶ್ರಾದ್ಧದ ವಡಿ ನೀನ ಮಾಡು. ದೊಡ್ಡಾಕಿದು ಕೈ ಭಾರ. ಆಕಿ ವಡಿ ತಿಂದ್ರ ಸತ್ತವರಿಗೂ ಹೊಟ್ಟಿನೋವು ಬರ್ತದ." ಹೇಳಿ ತಾವೇ ನಕ್ಕು ಕೆಮ್ಮಿದರು. ಅಂದಿನಿಂದ ಪ್ರತಿ ಮಾರ್ಗಶಿರದಲ್ಲಿ ಆ ವಡೆಗಳನ್ನು ನಾನೇ ಮಾಡಿದ್ದೇನೆ. ಕಚೇರಿಯಲ್ಲಿ ತಪಾಸಣೆಯಿದ್ದ ವರ್ಷವೂ ರಜೆ ಪಡೆದಿದ್ದೇನೆ. ನನ್ನಿಂದ ತೆಗೆದುಕೊಳ್ಳಲಾಗುತ್ತಿದ್ದದ್ದು ಇದು.

ವಿಷಯವನ್ನು ಮನೆತನದ ಆಚಾರ್ಯರ ಮುಂದಿಡಲಾಯಿತು. ಅವರು ವಯೋವೃದ್ಧರು, ನಿಷ್ಠುರ ಮಾತಿನವರಲ್ಲ. ಫೋನಿನಲ್ಲಿ ನನ್ನೊಡನೆಯೇ ಮಾತಾಡಿದರು.

"ಇಂಥಾದ್ದು ಶಾಸ್ತ್ರದಾಗ ನೇರ ಎಲ್ಲೂ ಇಲ್ಲವಾ. ಆಪತ್ತಿನ್ಯಾಗ ಜೀವ ಉಳಿಸಿಕೊಳ್ಳೂದು ಧರ್ಮನ. ಆದ್ರೂ ಮನಸ್ಸಿನ ಸಮಾಧಾನಕ್ಕ ಒಂದು ಪಂಚಗವ್ಯ ತೊಗೊಂಡುಬಿಡು. ಶುದ್ಧ ಆತು ಅಂತ ಎಲ್ಲಾರೂ ಸುಮ್ನಾಗ್ತಾರ."

ಪಂಚಗವ್ಯವೆಂದರೆ ಆಕಳ ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ, ಈ ಐದನ್ನೂ ಕೂಡಿಸಿ ಮಂತ್ರಪೂರ್ವಕ ಕೊಡುವ ತೀರ್ಥ.

"ಆಚಾರ್ಯರ, ಯಾರ ಮನಸ್ಸಿನ ಸಮಾಧಾನಕ್ರಿ?" ಎಂದೆ.

"ನಿನ್ನ ಮನಸ್ಸಿಂದು ಅಂತನ ತಿಳಿ."

"ನನ್ನ ಮನಸ್ಸಿಗೆ ಬ್ಯಾರೆ ಕಸಿವಿಸಿ ಅದರಿ. ಒಂದು ಜೀವ ನನ್ನ ಸಲುವಾಗಿ ಹೋತಲ್ಲ ಅಂತ. ಅದಕ್ಕೇನರ ಇದ್ರ ಹೇಳ್ರಿ, ಉಪವಾಸ ಹೇಳ್ರಿ, ಮಾಡ್ತೀನಿ. ಆದ್ರ ಅದು ನನ್ನ ಹೊಲಸು ಮಾಡ್ತು ಅಂತ ತೊಳಕೋ ಅಂದ್ರ ತೊಳಕೊಳ್ಳೂದಿಲ್ಲ. ಆಕಳ ಸಗಣಿ ಹೊಟ್ಯಾಗ ಹೋದ್ರ ಶುದ್ಧ, ಅದರ ಎದಿ ಪೊರಿ ಎದ್ಯಾಗ ಇದ್ರ ಮೈಲಿಗಿ. ಇದು ನನಗ ತಿಳೀಲಿಲ್ರಿ."

ಆಚಾರ್ಯರು, "ನೀ ಕಚೇರ್ಯಾಗಿದ್ದಾಕಿ. ನಿನ್ನ ಕೂಡ ವಾದ ಮಾಡೂದು ನನ್ನ ಕಡಿಂದ ಆಗೂದಿಲ್ಲ," ಎಂದು ಫೋನಿಟ್ಟರು. ಸಿಟ್ಟಿನಿಂದ ಇಟ್ಟರೋ, ನಗುತ್ತ ಇಟ್ಟರೋ ಈಗಲೂ ಹೇಳಲಾರೆ.

ಆ ದಿನಗಳಲ್ಲೇ ಯಜಮಾನರ ತಬಲಾದ ಬಾರು, ಅಂದರೆ ಮೈಸುತ್ತ ಬಿಗಿಯುವ ಚರ್ಮದ ಪಟ್ಟಿ, ಸಡಿಲವಾಗಿತ್ತು. ಅದನ್ನು ಬಿಗಿಯಲು ಬರುವ ಕಾಕಾ ನಮ್ಮ ಮನೆಗೆ ಅತ್ತೆಯವರ ಕಾಲದಿಂದಲೂ ಬರುತ್ತಿರುವ ಮುಸಲ್ಮಾನ ಕಸುಬುದಾರರು. ಪಡಸಾಲೆಯಲ್ಲಿ ಕುಳಿತು ಸುತ್ತಿಗೆಯಿಂದ ಬಾರಿನ ಕೆಳಗಿನ ಕಟ್ಟಿಗೆಯ ಗಟ್ಟಿಗಳನ್ನು ತಟ್ಟುತ್ತ ನನ್ನಿಂದ ಎಲ್ಲವನ್ನೂ ಕೇಳಿದರು.

"ಬಾಯಾರ, ಸಿಟ್ಟ ಮಾಡಬ್ಯಾಡ್ರಿ," ಎಂದರು. "ಈ ಮನ್ಯಾಗ ದೇವರ ಪದಕ್ಕ ಆಡಿನ ಚರ್ಮಾ ಬಾರಿಸಾಕತ್ತೀರಿ, ತಂಬೂರಿ ತಂತಿ ಕೆಳಗಿನ ಕುದರಿ ಎಲುಬಿಂದು. ಯಾರರ ಒಬ್ರು ಏನರ ಅಂದಾರೇನ್ರಿ? ಯಾಕಂದಿಲ್ಲ ಹೇಳ್ರಿ. ನಾ ಯಾವತ್ತೂ ಆಡು ಅಂತ ಅಂದಿಲ್ಲ. ಚರ್ಮಕ್ಕ ಪುಡಿ ಅಂದೆ, ಬಾರು ಅಂದೆ, ಎಲುಬಿಗೆ ಕುದರಿ ಅಂದೆ. ಹೆಸರ ತಗದ್ರ ಹಾಡೋರಿಗೆ ಗಂಟಲಾ ಕಟ್ತೈತಿ. ನಿಮ್ದು ಆಫೀಸಿನ ಚಾಳಿರಿ, ಎಲ್ಲಾ ಬರದ ಕಳಿಸಿದ್ರಿ."

ಹಾಡುವವರ ಕೈಗೆ ವಾದ್ಯ ಕೊಡುವ ಮನುಷ್ಯ ಹೀಗೆ ಹೇಳಿದ್ದು ನನ್ನನ್ನು ಚುಚ್ಚಿತು. ಸುಮ್ಮನಿದ್ದಿದ್ದರೆ ಎಲ್ಲವೂ ಸರಿಯಿರುತ್ತಿತ್ತೆಂದು ಅವರೂ ಹೇಳುತ್ತಿದ್ದರು, ಯಜಮಾನರೂ ಹೇಳುತ್ತಿದ್ದರು, ವೈದ್ಯರು ಮೊದಲೇ ಹೇಳಿದ್ದರು. ವೈನಿಯವರೊಬ್ಬರೇ ಆ ಮಾತು ಹೇಳಿರಲಿಲ್ಲ. ದನವೆಂಬ ಪದವನ್ನು ಓದಿ ನಿಜವಾಗಿ ಬೆಚ್ಚಿಬಿದ್ದವರು ಅವರೊಬ್ಬರೇ. ಇದನ್ನು ಅವರ ಪರವಾಗಿ ನಮೂದಿಸುವುದು ನನ್ನ ಕರ್ತವ್ಯ.

ಪತ್ರಿಕೆಯಲ್ಲಿ ಈಚೆಗೆ ಹಂದಿಯ ಹೃದಯವನ್ನು, ಮೂತ್ರಪಿಂಡವನ್ನು ಮನುಷ್ಯರಿಗೆ ಜೋಡಿಸುವ ಸುದ್ದಿಗಳು ಬರುತ್ತಿವೆ. ಅದಕ್ಕೆಂದೇ ಹಂದಿಗಳನ್ನು ಬೇರೆಯಾಗಿ ಬೆಳೆಸುತ್ತಾರಂತೆ. ಮೊದಲಾದರೆ ಆ ಪುಟವನ್ನು ಮಗುಚಿ ಹಾಕುತ್ತಿದ್ದೆ. ಈಗ ಕೊನೆಯ ಸಾಲಿನವರೆಗೆ ಓದುತ್ತೇನೆ. ರೋಗಿಯ ವಯಸ್ಸು, ಊರು, ಅವನ ಹೆಂಡತಿ ಅತ್ತದ್ದು, ವೈದ್ಯರು ಕೈಕುಲುಕಿದ್ದು ಎಲ್ಲ ಇರುತ್ತದೆ. ಹಂದಿಯ ಬಗ್ಗೆ ಅದು ಹಂದಿಯೆಂಬುದಷ್ಟೇ ಇರುತ್ತದೆ. ಓದಿದವರು ಇಬ್ಬಗೆಯಾಗುವುದನ್ನು ನೋಡಿದ್ದೇನೆ. ಛೀ ಎನ್ನುವವರು ಕೆಲವರು, ವಿಜ್ಞಾನ ಎಷ್ಟು ಮುಂದುವರಿಯಿತು ಎನ್ನುವವರು ಕೆಲವರು. ಛೀ ಎನ್ನುವವರಿಗೆ ನನ್ನ ಉತ್ತರ: ನಿಮ್ಮ ಮಗಳಿಗೆ ಉಸಿರು ಸಾಲದ ದಿನ ಬಂದು ಇದೇ ಮಾತು ಹೇಳಿ. ಮುಂದುವರಿಯಿತು ಎನ್ನುವವರಿಗೂ ಒಂದು ಪ್ರಶ್ನೆಯಿದೆ: ಆ ಪ್ರಾಣಿಯ ಪರವಾಗಿ ನಿಮ್ಮ ಕಡತದಲ್ಲಿ ಎಷ್ಟು ಸಾಲುಗಳಿವೆ? ನಾನು ಮತ್ತೆ ಆ ಹಾಸಿಗೆಯ ಮೇಲೆ ಮಲಗಿದರೆ ಮತ್ತೆ ಸಹಿ ಮಾಡುತ್ತೇನೆ. ಬದುಕುವ ಆಸೆ ನನಗಿತ್ತು, ಇದೆ. ಆದರೆ ಸಹಿ ಮಾಡಿದ್ದನ್ನು ಬಚ್ಚಿಡುವುದಿಲ್ಲ. ಅದಕ್ಕಾಗಿ ಯಾರ ಮುಂದೆಯೂ ತಲೆತಗ್ಗಿಸಿ ಪಡಸಾಲೆಯಲ್ಲಿ ಕೂಡುವುದೂ ಇಲ್ಲ.

ಶ್ರಾದ್ಧದ ಹಿಂದಿನ ದಿನ ಮಧ್ಯಾಹ್ನ ಯಜಮಾನರೂ ನಾನೂ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆವು. ದಾರಿಯಲ್ಲಿ ಅವರು ಕೇಳಿದರು, "ಏನು ಮಾಡಾಕಿ?"

"ವಡಿ," ಎಂದೆ.

ಅವರು ಕಿಟಕಿಯ ಹೊರಗೆ ನೋಡುತ್ತ, "ನಾ ಏನು ಮಾಡಲಿ?" ಎಂದರು.

"ನೀವು ಬೆಳಿಗ್ಗೆ ಲಗೂ ಏಳಬ್ಯಾಡ್ರಿ. ಅಷ್ಟು ಸಾಕು."

ಸಂಜೆ ದೇಶಪಾಂಡೆ ನಗರದ ಮನೆಯಲ್ಲಿ ತಣ್ಣೀರು ಸುರಿದುಕೊಂಡು, ನನ್ನ ಒಂಬತ್ತುಗಜದ ಸೀರೆಯನ್ನು ಒದ್ದೆಯಲ್ಲೇ ಹಿಂಡಿ, ಕೋಲಿನಿಂದ ಎತ್ತಿ ಗಳದ ಮೇಲೆ ಹರವಿದೆ. ವೈನಿಯವರು ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದರು.

"ಪಂಚಗವ್ಯಕ್ಕ ಒಪ್ಪಿದಿ ಅಂತಾತು. ಛಲೋ ಆತು," ಎಂದರು.

"ಇಲ್ರಿ ವೈನಿ, ಒಪ್ಪಿಲ್ಲ."

"ಮತ್ತ ಮಡಿ ಯಾಕ?"

"ನಾಳೆ ಉಡಲಿಕ್ರಿ."

ಅವರು ತಲೆಯಲ್ಲಾಡಿಸಿ ಒಳಗೆ ಹೋದರು. ಬೆಳಗಾದರೆ ನನ್ನ ಹಟ ಇಳಿಯುತ್ತದೆಂದು ಭಾವಿಸಿರಬೇಕು.

ಬೆಳಗಿನ ಐದು ಗಂಟೆಗೆ, ಮನೆಯಲ್ಲಿ ಯಾರೂ ಏಳುವ ಮೊದಲು, ಸ್ನಾನ ಮಾಡಿದೆ. ಚಳಿಗೆ ಎದೆಯ ಹೊಲಿಗೆ ಬಿಗಿಯಿತು. ಗಳದಿಂದ ಸೀರೆ ಇಳಿಸಿ, ಕಚ್ಚೆ ಹಾಕಿ ಉಟ್ಟೆ. ಅಡುಗೆಮನೆ ಹೊಕ್ಕು ಒಲೆ ಸಾರಿಸಿ, ದೇವರನ್ನೂ ಅತ್ತೆಯವರನ್ನೂ ನೆನೆದು ಹೊತ್ತಿಸಿದೆ. ವೈನಿಯವರು ರಾತ್ರಿಯೇ ಮಡಿಯಲ್ಲಿ ನೆನೆಯಿಟ್ಟಿದ್ದ ಉದ್ದಿನಬೇಳೆ ಅಲ್ಲಿತ್ತು. ರುಬ್ಬುಗಲ್ಲಿನ ಮುಂದೆ ಕುಳಿತೆ. ಅಂಥ ಗಟ್ಟಿ ಹಿಟ್ಟನ್ನು ತಿರುವಿಯೂ ದಮ್ಮು ಹತ್ತಲಿಲ್ಲ. ಹನಿ ಹಿಟ್ಟನ್ನು ನೀರಿಗೆ ಬಿಟ್ಟೆ. ತೇಲಿತು.

ಮೊದಲ ಸುತ್ತಿನ ವಡೆಗಳು ಎಣ್ಣೆಯಲ್ಲಿದ್ದಾಗ ವೈನಿಯವರು ಎದ್ದು ಬಂದರು. ರಾತ್ರಿಯ ಸೀರೆ, ಕೆದರಿದ ಕೂದಲು.

"ಏ! ಏನ ಮಾಡ್ಲಿಕತ್ತಿ? ಏಳು ಅಲ್ಲಿಂದ!"

"ವಡಿ ಕರೀಲಿಕತ್ತೀನ್ರಿ."

"ಏಳ್ತೀಯೋ, ನಾ ಬಂದು ಎಬ್ಬಸಲೋ?" ಎಂದು ಬಲಗಾಲನ್ನು ಹೊಸ್ತಿಲ ಮೇಲೆತ್ತಿದರು.

"ವೈನಿ," ಎಂದೆ, ವಡೆ ಮಗುಚುವ ಜಾರಿಯನ್ನು ಕೈಯಲ್ಲಿ ಹಿಡಿದೇ. "ನಾ ಮಡೀಲೆ ಇದ್ದೀನ್ರಿ."

ಎತ್ತಿದ ಕಾಲು ಅಲ್ಲೇ ನಿಂತಿತು. ಅವರಿನ್ನೂ ಮಿಂದಿರಲಿಲ್ಲ. ಮೈಲಿಗೆಯಲ್ಲಿ ಮಡಿಯವರನ್ನು ಮುಟ್ಟುವುದಿಲ್ಲ, ಮಡಿಯ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅವರ ಬುದ್ಧಿ ನನ್ನನ್ನು ಏನೆಂದು ತೀರ್ಮಾನಿಸಿತ್ತೋ, ಅವರ ಕಾಲು ಬೇರೆಯದನ್ನೇ ತೀರ್ಮಾನಿಸಿತು. ನಾನು ನಿಜಕ್ಕೂ ಮೈಲಿಗೆಯಾಗಿದ್ದರೆ ಅವರು ಒಳನುಗ್ಗಿ ನನ್ನ ರಟ್ಟೆ ಹಿಡಿದು ಎಬ್ಬಿಸಬಹುದಾಗಿತ್ತು. ಯಾವ ಮಡಿಯೂ ಕೆಡುತ್ತಿರಲಿಲ್ಲ. ಅವರಿಗೂ ಅದು ಹೊಳೆಯಿತೆಂದು ಮುಖದಿಂದ ತಿಳಿಯಿತು. ಎತ್ತಿದ ಕಾಲನ್ನು ಹಿಂದಕ್ಕಿಟ್ಟರು. ಒಲೆಯ ಮೇಲೆ ಎಣ್ಣೆ ಸದ್ದು ಮಾಡುತ್ತಿತ್ತು. ನಾನು ವಡೆಗಳನ್ನು ಮಗುಚಿದೆ.

"ಅತ್ತಿ ನಿನ್ನ ತಲೀ ಮ್ಯಾಲ ಕೂಡಿಸ್ಕೊಂಡು ಕೆಡಿಸಿದ್ರು," ಎಂದು ಹೇಳಿ ಬಚ್ಚಲಿಗೆ ನಡೆದರು.

ಅರ್ಧ ಗಂಟೆಯ ಮೇಲೆ ಅವರೂ ಮಡಿಯುಟ್ಟು ಬಂದು ಒಳಗೆ ಕಾಲಿಟ್ಟರು. ಈಗ ಅವರು ನನ್ನನ್ನು ಮುಟ್ಟಬಹುದಿತ್ತು, ಎಬ್ಬಿಸಬಹುದಿತ್ತು. ನನ್ನ ಹೃದಯ, ಅಂದರೆ ನನ್ನದೂ ಆ ದನದ್ದೂ ಕೂಡಿದ್ದು, ಜೋರಾಗಿ ಬಡಿಯಿತು. ಏಳುವುದಿಲ್ಲವೆಂದು ಮಣೆಯನ್ನು ಒತ್ತಿ ಹಿಡಿದು ಕುಳಿತೆ. ಅವರು ಬುಟ್ಟಿಯಲ್ಲಿದ್ದ ವಡೆಗಳನ್ನು ನೋಡಿದರು, ನನ್ನನ್ನು ನೋಡಿದರು, ಎಳ್ಳಿನ ಡಬ್ಬಿ ಎಳೆದುಕೊಂಡು ಇನ್ನೊಂದು ಒಲೆಯ ಮುಂದೆ ಕುಳಿತು ಎಳ್ಳು ಹುರಿಯತೊಡಗಿದರು. ಬಹಳ ಹೊತ್ತಿನ ಮೇಲೆ, ನನ್ನ ಕಡೆ ತಿರುಗದೆ, "ಹಿಟ್ಟಿಗೆ ಮೆಣಸು ಕಡಿಮಿ ಆಗೇದ," ಎಂದರು.

ನಾನು ಮೆಣಸು ಹೆಚ್ಚಿಸಲಿಲ್ಲ.

ಮಧ್ಯಾಹ್ನ ಪಿಂಡಪ್ರದಾನವಾಯಿತು. ಆಚಾರ್ಯರಿಗೆ ಬಡಿಸಲು ನಾನೇ ವಡೆಯ ಬುಟ್ಟಿ ಹಿಡಿದು ಬಂದೆ. ಅವರು ತಲೆಯೆತ್ತಿ ಯಾರೆಂದು ನೋಡಿದರು. ಭಾವನವರೂ, ಯಜಮಾನರೂ ಅವರ ಕೈಯನ್ನೇ ನೋಡುತ್ತಿದ್ದರು. ಆಚಾರ್ಯರು ಒಂದು ವಡೆ ತಿಂದರು, ಬೆರಳಿನಿಂದ ಎಲೆಯ ಮೇಲೆ ಜಾಗ ಮಾಡಿ, "ಇನ್ನೆರಡು ಹಾಕವಾ," ಎಂದರು. ಆಮೇಲೆ ತಮ್ಮ ಪಂಕ್ತಿಯಲ್ಲಿ ಉಣ್ಣುತ್ತ ಭಾವನವರು, "ಅವ್ವನ ಕೈದಿದ್ದಂಗ ಆಗ್ಯಾವ," ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿ, ಹೆಂಡತಿಯ ಕಡೆ ನೋಡಿ ಸುಮ್ಮನಾದರು. ವೈನಿಯವರು ಕೊನೆಗೆ ಎಲ್ಲರ ಜೊತೆ ಉಂಡರೋ, ಅನ್ನವನ್ನಷ್ಟೇ ಉಂಡರೋ ನಾನು ನೋಡಲಿಲ್ಲ. ನೋಡಬಾರದೆಂದೇ ಬೆನ್ನು ಮಾಡಿ ನಿಂತಿದ್ದೆ.

ಆದರೆ ಊಟಕ್ಕೆ ಮೊದಲಿನ ಒಂದು ಸಂಗತಿ ಉಳಿದಿದೆ. ಮಾಡಿದ ಎಲ್ಲ ಅಡುಗೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಗೋಗ್ರಾಸವೆಂದು ಆಕಳಿಗೆ ಇಡುವುದು ನಮ್ಮ ಪದ್ಧತಿ. ಪ್ರತಿವರ್ಷ ಒಂದೇ ಎಲೆ. ಈ ಸಲ ನಾನು ಎರಡು ಹಾಕಿದೆ.

"ಎರಡ್ಯಾಕ?" ಎಂದರು ವೈನಿ.

"ಒಂದು ಈ ಓಣ್ಯಾಗಿನ ಆಕಳಿಗೆ. ಇನ್ನೊಂದು ವಿಳಾಸ ಗೊತ್ತಿಲ್ಲದ್ದಕ್ರಿ."

ಅವರು ಎರಡನೆಯ ಎಲೆಯನ್ನು ದಿಟ್ಟಿಸಿದರು. ಆಮೇಲೆ ತಾವು ಕಟ್ಟಿದ ಎಳ್ಳಿನ ಉಂಡೆಗಳಲ್ಲಿ ಒಂದನ್ನು ತೆಗೆದು ಅದರ ಮೂಲೆಯಲ್ಲಿಟ್ಟು, ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಹೋದರು. ಎರಡೂ ಎಲೆಗಳನ್ನು ನಾನೇ ಓಣಿಗೆ ಒಯ್ದೆ. ಅಲ್ಲಿದ್ದ ಆಕಳು ಮೊದಲನೆಯದನ್ನು ತಿಂದಿತು, ಎರಡನೆಯದನ್ನೂ ತಿಂದಿತು, ಮೂರನೆಯದಿದೆಯೇ ಎಂದು ನನ್ನ ಸೆರಗು ಮೂಸಿತು.

ಪಂಚಗವ್ಯದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ವೈನಿಯವರು ಫೋನಿನಲ್ಲಿ ಆಗಾಗ ಎತ್ತುತ್ತಾರೆ, ನಾನು ಆಗಾಗ ನಿರಾಕರಿಸುತ್ತೇನೆ. ಆಸ್ಪತ್ರೆಯಿಂದ ಉತ್ತರ ಬಂದಿದೆ. ನನ್ನ ಕಡತದಲ್ಲಿ ಈಗ 'ದನದ ಹೃದಯದ ಪೊರೆ' ಎಂದು ನಮೂದಾಗಿದೆ. ಮುಂದಿನ ಮಾರ್ಗಶಿರಕ್ಕೂ ವಡೆ ಮಾಡುವವಳು ನಾನೇ. ಈ ಬರಹದ ಒಂದು ಪ್ರತಿಯನ್ನು ವೈನಿಯವರಿಗೆ ಮಾಹಿತಿಗಾಗಿ ಕಳಿಸಲಾಗುತ್ತಿದೆ. ಈ ಸಲ ಕೈತಪ್ಪಿ ಅಲ್ಲ.